ಗುಂಡಿನ ಸದ್ದು ಬರುತ್ತದೆ, ಸಂಗೀತ ಯಾಕೆ ಬರುವುದಿಲ್ಲ?

ಮರಿಕಲ್: ದಸರಾ ರಜೆಯ ಒಂದು ಸಂಜೆ ಗೆಳೆಯರೊಬ್ಬರ ಫೋನು ಬಂತು. ಇವರು ಒಂದು ಕಾಲಕ್ಕೆ ನಮ್ಮೂರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿದವರು. ಕ್ಲಾಸ್ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಉಳಿದ ಒಂದು 486 ಕಂಪ್ಯೂಟರು ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿತ್ತು. ಹೈದರಾಬಾದಿನಿಂದ ಬಂದ ತಂಗಿಯ ಮಗ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಹೇಗೋ ಚಾಲೂ ಮಾಡಿಬಿಟ್ಟಿದ್ದ. ಒಳಗೆ 'ಡೂಮ್' ಆಟ ಹಾಗೇ ಇತ್ತು.

"ಸರ್, ಬಂದೂಕಿನ ಸಪ್ಪಳ ಬರ್ತದ, ಬಾಗಲಾ ತೆರೆಯೋ ಸಪ್ಪಳ ಬರ್ತದ. ಹಾಡು ಮಾತ್ರ ಬರವಲ್ದು. ಕಾರ್ಡು ಹೋಗ್ಯದ ಕಾಣಸ್ತದ. ಹುಡುಗ ಸಪ್ಪಗಾಗ್ಯಾನ. ನಾಳೆ ಗುಜರಿಯವ ಬರ್ತಾನ, ಕೊಟ್ಟೇ ಬಿಡ್ತೀನಿ" ಎಂದರು.

ಒಂದು ದಿನ ತಡೀರಿ ಎಂದೆ. ಓದಿದ್ದು ಬಿ.ಎ. ಆದರೂ ಈ 'ಹಾಡು ಬರವಲ್ದು' ಎಂಬ ಕಾಯಿಲೆಗೆ ನಾನು ಹಿಂದೊಮ್ಮೆ ದುಡ್ಡು ತೆತ್ತವನು. ಆ ಕತೆ ಮುಂದೆ ಹೇಳುತ್ತೇನೆ. ಮೊದಲು ಕಾಯಿಲೆ ಏನು ಅಂತ ನೋಡೋಣ.

ಸದ್ದು ಬೇರೆ, ಸಂಗೀತ ಬೇರೆ

ಈಗಿನ ಮೊಬೈಲಿನಲ್ಲಿ ಆಟ ಆಡುವವರಿಗೆ ಸದ್ದು, ಸಂಗೀತ ಎಲ್ಲಾ ಒಂದೇ. ಎರಡೂ ರೆಕಾರ್ಡ್ ಆಗಿರುತ್ತವೆ, ಒಂದೇ ದಾರಿಯಲ್ಲಿ ಬರುತ್ತವೆ. ಬಂದರೆ ಎರಡೂ ಬರುತ್ತವೆ, ಹೋದರೆ ಎರಡೂ ಹೋಗುತ್ತವೆ.

ಡಾಸ್ ಕಾಲದಲ್ಲಿ ಹಾಗಿರಲಿಲ್ಲ. ಬಂದೂಕಿನ ಸದ್ದು, ಭೂತದ ಕೂಗು ಇವು ರೆಕಾರ್ಡ್ ಮಾಡಿದ ಚಿಕ್ಕ ಚಿಕ್ಕ ತುಣುಕುಗಳು. ಅವನ್ನು ಸೌಂಡ್ ಕಾರ್ಡಿನ ಒಂದು ಭಾಗ ನುಡಿಸುತ್ತಿತ್ತು. ಹಿನ್ನೆಲೆ ಸಂಗೀತವನ್ನು ನುಡಿಸುವುದು ಅದೇ ಕಾರ್ಡಿನ ಇನ್ನೊಂದು ಭಾಗ. ಕೆಲವರ ಮನೆಯಲ್ಲಿ ಅದಕ್ಕೆ ಬೇರೆ ಕಾರ್ಡೇ ಇರುತ್ತಿತ್ತು.

ಯಾಕೆ ಈ ಎರಡು ಸಂಸಾರ? ಜಾಗ ಸಾಲದ್ದಕ್ಕೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ನಿಮಿಷದ ಸಂಗೀತ ರೆಕಾರ್ಡ್ ಮಾಡಿದರೆ ಸುಮಾರು 10 ಎಂ.ಬಿ. ಬೇಕು. ಆಗಿನ ಫ್ಲಾಪಿ ಹಿಡಿಯುತ್ತಿದ್ದದ್ದು 1.44 ಎಂ.ಬಿ. ಒಂದು ನಿಮಿಷದ ಹಾಡಿಗೆ ಏಳು ಫ್ಲಾಪಿ ಹಿಡಿದುಕೊಂಡು ಯಾರು ಓಡಾಡುತ್ತಾರೆ? ಅದಕ್ಕೇ ಬಂತು 'ಮಿಡಿ'.

ಮಿಡಿ ಅಂದರೆ ಸೀರೆಯಲ್ಲ, ನಕ್ಷೆ

ಮಿಡಿ ಹುಟ್ಟಿದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಇದರ ಹಿಂದಿನ ಮುಖ್ಯರು. ಒಂದು ಕಂಪನಿಯ ಕೀಬೋರ್ಡು ಇನ್ನೊಂದು ಕಂಪನಿಯ ಕೀಬೋರ್ಡಿನ ಜೊತೆ ಮಾತಾಡಲಿ ಎಂಬುದು ಉದ್ದೇಶ.

ಇದರಲ್ಲಿ ಧ್ವನಿ ಒಂದಿಷ್ಟೂ ಇರುವುದಿಲ್ಲ. 'ಮೂರನೇ ಚಾನೆಲ್‌ನಲ್ಲಿ 60ನೇ ಸ್ವರ ಒತ್ತು, ಇಷ್ಟು ಜೋರಾಗಿ ಒತ್ತು, ಈಗ ಬಿಡು' ಎಂಬಂಥ ಆದೇಶಗಳಷ್ಟೇ ಇರುತ್ತವೆ. ಒಟ್ಟು 16 ಚಾನೆಲ್, 128 ಸ್ವರ. ಇಡೀ ಹಾಡಿನ ಆದೇಶ ಕೆಲವು ಕೆ.ಬಿ.ಗಳಲ್ಲಿ ಮುಗಿಯುತ್ತದೆ.

ನಾರಾಯಣಪೇಟೆಯ ಮಗ್ಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಂಚಿನ ನಕ್ಷೆ ಒಂದೇ. ಹತ್ತಿ ನೂಲಿನಲ್ಲಿ ನೇಯ್ದರೆ ಒಂದು ಸೀರೆ, ರೇಷ್ಮೆಯಲ್ಲಿ ನೇಯ್ದರೆ ಇನ್ನೊಂದು. ನಕ್ಷೆಯನ್ನು ಉಡಲಿಕ್ಕೆ ಬರುವುದಿಲ್ಲ. ಮಿಡಿಯೂ ಹಾಗೇ. ಆಟ ಕೊಡುವುದು ನಕ್ಷೆ. ನೇಯುವುದು ನಿಮ್ಮ ಕಾರ್ಡು. ನೇಕಾರನೇ ಇಲ್ಲದಿದ್ದರೆ ನಕ್ಷೆ ಎಷ್ಟು ಚೆನ್ನಾಗಿದ್ದರೂ ಕಿವಿಗೆ ಏನೂ ಬೀಳುವುದಿಲ್ಲ.

ನೇಕಾರರು ಯಾರು ಯಾರು?

1987ರಲ್ಲಿ ಕೆನಡಾದ ಕ್ಯುಬೆಕ್‌ನಿಂದ 'ಆಡ್‌ಲಿಬ್' ಕಾರ್ಡು ಬಂತು. ಅದರಲ್ಲಿ ಯಮಹಾ ಕಂಪನಿಯ ಒಂದು ಚಿಪ್. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಾಡಿಸಿ ಸ್ವರ ಹುಟ್ಟಿಸುವ ಎಫ್.ಎಂ. ವಿಧಾನ. ಒಮ್ಮೆಗೆ ಒಂಬತ್ತು ಸ್ವರ. ಪಿಟೀಲು ಅಂದರೆ ಪಿಟೀಲಿನಂಥ ಒಂದು ಸದ್ದು ಬರುತ್ತಿತ್ತು, ಅಷ್ಟೇ.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ 'ಸೌಂಡ್ ಬ್ಲಾಸ್ಟರ್' ಬಂತು. ಕಂಪನಿ ಕಟ್ಟಿದ ಸಿಮ್ ವಾಂಗ್ ಹೂ 2023ರಲ್ಲಿ ತೀರಿಕೊಂಡರು. ಆಡ್‌ಲಿಬ್‌ನ ಅದೇ ಚಿಪ್ಪನ್ನು ಇಟ್ಟುಕೊಂಡು, ರೆಕಾರ್ಡ್ ಮಾಡಿದ ಸದ್ದು ನುಡಿಸುವ ಶಕ್ತಿಯನ್ನೂ ಸೇರಿಸಿದರು. 1992ರಲ್ಲಿ 'ಸೌಂಡ್ ಬ್ಲಾಸ್ಟರ್ 16'. ನಮ್ಮ ಕಡೆ ಸಿ.ಡಿ. ಡ್ರೈವ್ ಜೊತೆ 'ಮಲ್ಟಿಮೀಡಿಯಾ ಕಿಟ್' ಎಂದು ಮಾರುತ್ತಿದ್ದದ್ದು ಹೆಚ್ಚಾಗಿ ಇಂಥವೇ.

ಇನ್ನೊಂದು ಕಡೆ ರೋಲಂಡ್‌ನ ದುಬಾರಿ ಪೆಟ್ಟಿಗೆಗಳು. 1987ರ ಎಂ.ಟಿ.-32, 1991ರ ಎಸ್.ಸಿ.-55. ಇವು ಕಂಪ್ಯೂಟರಿನ ಹೊರಗೆ ಕೂತು ಮಿಡಿ ಆದೇಶ ತೆಗೆದುಕೊಂಡು ನಿಜವಾದ ವಾದ್ಯಕ್ಕೆ ಹತ್ತಿರದ ಧ್ವನಿ ಕೊಡುತ್ತಿದ್ದವು.

ಖಾಲಿ ಮನೆಗೆ ಬಂದ ಅಂಚೆ

ಕಾರ್ಡಿನ ಪ್ರತಿ ಭಾಗಕ್ಕೂ ಒಂದೊಂದು ಮನೆ ನಂಬರು ಇರುತ್ತದೆ. ಇದಕ್ಕೆ 'ಪೋರ್ಟ್' ಅನ್ನುತ್ತಾರೆ. ಮೂರು ನಂಬರು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

220: ಸೌಂಡ್ ಬ್ಲಾಸ್ಟರಿನ ಮನೆ. ಗುಂಡು, ಬಾಗಿಲು, ಕೂಗು ಇಲ್ಲಿಂದ.

388: ಆಡ್‌ಲಿಬ್ ಮನೆ, ಅಂದರೆ ಎಫ್.ಎಂ. ಸಂಗೀತ. ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲೂ ಈ ಬಾಗಿಲು ಇದೆ.

330: ಮಿಡಿ ಆದೇಶವನ್ನು ಹೊರಗಿನ ಪೆಟ್ಟಿಗೆಗೆ ಕಳಿಸುವ ಬಾಗಿಲು. ಇದರ ಹೆಸರು ಎಂ.ಪಿ.ಯು.-401.

ಈಗ ಗೆಳೆಯರ ಮನೆಗೆ ಬರೋಣ. ಆಟದ ಫೋಲ್ಡರಿನಲ್ಲಿ 'ಸೆಟಪ್' ಎಂಬ ಪ್ರೋಗ್ರಾಂ ಇತ್ತು. ತೆರೆದರೆ ಎರಡು ಬೇರೆ ಬೇರೆ ಪ್ರಶ್ನೆ. ಸಂಗೀತಕ್ಕೆ ಯಾವ ಕಾರ್ಡು? ಸದ್ದಿಗೆ ಯಾವ ಕಾರ್ಡು? ಸದ್ದಿಗೆ 'ಸೌಂಡ್ ಬ್ಲಾಸ್ಟರ್' ಎಂದಿತ್ತು. ಸಂಗೀತಕ್ಕೆ 'ಜನರಲ್ ಮಿಡಿ', ಪೋರ್ಟ್ 330 ಎಂದಿತ್ತು. ಯಾವನೋ ಹಳೆ ವಿದ್ಯಾರ್ಥಿ 'ಜನರಲ್' ಅಂದರೆ ಎಲ್ಲಕ್ಕೂ ನಡೆಯುತ್ತೆ ಅಂತ ಒತ್ತಿರಬೇಕು!

ಇಲ್ಲೇ ಇರುವುದು ಮೋಸ. ಸೌಂಡ್ ಬ್ಲಾಸ್ಟರ್ 16ರಲ್ಲಿ 330ರ ಬಾಗಿಲು ಇದೆ. ಆಟ ಬಾಗಿಲು ತಟ್ಟಿತು, 'ಹೌದು, ಇದ್ದೀನಿ' ಎಂಬ ಉತ್ತರವೂ ಬಂತು. ಸರಿ ಎಂದು ಸಂಗೀತವನ್ನೆಲ್ಲ ಅಲ್ಲಿಗೇ ಕಳಿಸಿತು. ಆದರೆ ಆ ಬಾಗಿಲಿನ ಹಿಂದೆ ಮನೆ ಖಾಲಿ. ಹೊರಗೆ ಯಾವ ಪೆಟ್ಟಿಗೆಯೂ ಇಲ್ಲ, ಕಾರ್ಡಿನ ಮೇಲೆ ಕೂರಿಸುವ 'ವೇವ್ ಬ್ಲಾಸ್ಟರ್' ಎಂಬ ಮರಿ ಕಾರ್ಡೂ ಇಲ್ಲ. ಅಂಚೆ ತಲುಪಿದೆ, ಓದುವವರಿಲ್ಲ. ಅದಕ್ಕೇ ಪರದೆ ಮೇಲೆ ತಪ್ಪು ಅಂತ ಒಂದು ಅಕ್ಷರವೂ ಬರಲಿಲ್ಲ.

ಸಂಗೀತಕ್ಕೂ 'ಸೌಂಡ್ ಬ್ಲಾಸ್ಟರ್' ಆರಿಸಿ, ಉಳಿಸಿ, ಆಟ ಶುರು ಮಾಡಿದೆವು. 1993ರ ಡಿಸೆಂಬರಿನಲ್ಲಿ ಹೊರಬಂದ ಡೂಮ್‌ಗೆ ಬಾಬಿ ಪ್ರಿನ್ಸ್ ಮಾಡಿದ ಆ ಗಡಗಡ ಗಿಟಾರ್ ಸಂಗೀತ ಪಡಸಾಲೆ ತುಂಬಿತು. ಅಡುಗೆಮನೆಯಿಂದ "ಏನ್ರೀ ಅದು!" ಎಂಬ ಕೂಗೂ ಬಂತು.

ಖರ್ಚು: ಸೊನ್ನೆ ರೂಪಾಯಿ.

ನನ್ನ ಹಳೆ ಕತೆ

1998ರಲ್ಲಿ ಮದುವೆ ಕಾರ್ಡು, ಕರಪತ್ರ ಮಾಡಲೆಂದು ಸಾಲ ಮಾಡಿ ನಾನೂ ಒಂದು ಕಂಪ್ಯೂಟರ್ ತಂದಿದ್ದೆ. ಕೆಲ ದಿನಕ್ಕೆ ಆಟದಲ್ಲಿ ಇದೇ ರೀತಿ ಸಂಗೀತ ನಿಂತಿತು. ಹೊಳೆಯಾಚೆಯ ಊರಿನ ಒಂದು ಅಂಗಡಿಗೆ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಒಯ್ದೆ. "ಕಾರ್ಡು ಸುಟ್ಟದ್ರಿ" ಎಂದರು. 1,400 ರೂಪಾಯಿ ಕೊಟ್ಟು ಹೊಸದು ಹಾಕಿಸಿಕೊಂಡು, ಹಳೆಯದನ್ನು ಅಲ್ಲೇ ಬಿಟ್ಟು ಬಂದೆ. ಸಂಗೀತವೇನೋ ಬಂತು. ಹೊಸ ಕಾರ್ಡು ಹಾಕುವಾಗ ಅವರು ಸೆಟಪ್ ಮತ್ತೆ ಓಡಿಸಿದ್ದರು, ಅಷ್ಟೇ!

ಸುಟ್ಟ ಕಾರ್ಡು ಗುಂಡಿನ ಸದ್ದನ್ನು ಅಷ್ಟು ಚೆನ್ನಾಗಿ ಕೊಡುವುದು ಹೇಗೆ ಎಂದು ಅವತ್ತು ಕೇಳಲು ನನಗೆ ತಿಳಿಯಲಿಲ್ಲ. ಅಂಗಡಿಯವರಿಗೂ ತಿಳಿದಿತ್ತೋ ಇಲ್ಲವೋ. ಆ 1,400 ರೂಪಾಯಿ ಆಗ ನಮ್ಮ ಮನೆಯ ತಿಂಗಳ ಕಿರಾಣಿ. ಒಂದು ಸದ್ದು ಬರುತ್ತಿದೆ ಅಂದರೆ ಕಾರ್ಡಿಗೆ ಜೀವ ಇದೆ ಅಂತಲೇ ಅರ್ಥ. ಮೊದಲು ಸೆಟಪ್ ನೋಡಿ, ಆಮೇಲೆ ಜೇಬು ನೋಡಿಕೊಳ್ಳಿ.

ಒಂದೊಂದಾಗಿ ಪರೀಕ್ಷೆ ಮಾಡಿ

ಕ್ಯಾಬಿನೆಟ್ ತೆರೆಯುವ ಮುಂಚೆ ಪ್ಲಗ್ ಕಿತ್ತುಬಿಡಿ. ಹಳೆ ಮಾನಿಟರನ್ನು ಮಾತ್ರ ಯಾವತ್ತೂ ತೆರೆಯಬೇಡಿ, ಆಫ್ ಆದ ಮೇಲೂ ಒಳಗೆ ಭಾರೀ ಕರೆಂಟು ಉಳಿದಿರಬಹುದು. ಇಷ್ಟು ಎಚ್ಚರದಿಂದ ಮುಂದಿನದನ್ನು ಮಾಡಿ.

1. ಆಟದಲ್ಲಿ ಸಂಗೀತ ಇದೆಯೇ? ನಮ್ಮ ಶಾಲೆಗಳಲ್ಲಿ ಮಕ್ಕಳು ಮುಗಿಬಿದ್ದು ಆಡುತ್ತಿದ್ದ 'ಡೇಂಜರಸ್ ಡೇವ್' ಡಾಸ್ ಆಟಕ್ಕೆ ಕಂಪ್ಯೂಟರಿನೊಳಗಿನ ಚಿಕ್ಕ ಸ್ಪೀಕರಿನ ಕೀ ಕೀ ಸದ್ದೇ ಗತಿ. ಎಂಥ ಕಾರ್ಡು ಹಾಕಿದರೂ ಅಷ್ಟೇ.

2. ಸೆಟಪ್‌ನಲ್ಲಿ ಸಂಗೀತಕ್ಕೆ ಆಡ್‌ಲಿಬ್ ಅಥವಾ ಸೌಂಡ್ ಬ್ಲಾಸ್ಟರ್ ಆರಿಸಿ ನೋಡಿ. ಆಗ ಬಂದರೆ ಕಾರ್ಡು ಗಟ್ಟಿಯಾಗಿದೆ, ಖಾಲಿ ಮನೆಯ ತೊಂದರೆ ಅಷ್ಟೇ.

3. ವಾಲ್ಯೂಮ್ ನೋಡಿ. ಕಾರ್ಡಿನ ಜೊತೆ ಬಂದ ಮಿಕ್ಸರ್ ಪ್ರೋಗ್ರಾಮಿನಲ್ಲಿ ಸದ್ದಿಗೆ, ಸಂಗೀತಕ್ಕೆ, ಸಿ.ಡಿ.ಗೆ ಬೇರೆ ಬೇರೆ ಪಟ್ಟಿ ಇರುತ್ತದೆ. ಮಿಡಿ ಅಥವಾ ಎಫ್.ಎಂ. ಎಂಬ ಪಟ್ಟಿ ಸೊನ್ನೆಗೆ ಇಳಿದಿದ್ದರೆ ಮೇಲೇರಿಸಿ.

4. ಡಾಸ್‌ನಲ್ಲಿ 'ಸೆಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 'ಬ್ಲಾಸ್ಟರ್' ಎಂಬ ಸಾಲು ಕಾಣಬೇಕು. ಅದರಲ್ಲಿ ಎ220 ಐ5 ಡಿ1 ಎಚ್5 ಪಿ330 ಟಿ6 ಎಂಬಂತೆ ಇರುತ್ತದೆ. ಎ ಎಂದರೆ ಮನೆ ನಂಬರು, ಐ ಎಂದರೆ ಐ.ಆರ್.ಕ್ಯು., ಡಿ ಮತ್ತು ಎಚ್ ಎಂದರೆ ಡಿ.ಎಂ.ಎ., ಪಿ ಎಂದರೆ ಮಿಡಿ ಬಾಗಿಲು, ಟಿ ಎಂದರೆ ಕಾರ್ಡಿನ ಜಾತಿ. ಸೆಟಪ್‌ನಲ್ಲಿ ಕೊಟ್ಟ ನಂಬರುಗಳು ಇವಕ್ಕೆ ತಾಳೆ ಆಗಬೇಕು.

5. ಸಂಗೀತ ಸರಿ, ಸದ್ದು ಮಾತ್ರ ಒಂದೇ ಕಡೆ ತೊದಲುತ್ತದೆಯೇ? ಅಥವಾ ಆಟವೇ ನಿಂತುಬಿಡುತ್ತದೆಯೇ? ಆಗ ಅನುಮಾನ ಐ.ಆರ್.ಕ್ಯು., ಡಿ.ಎಂ.ಎ. ಮೇಲೆ. ಎಫ್.ಎಂ. ಸಂಗೀತಕ್ಕೆ ಇವೆರಡೂ ಬೇಕಿಲ್ಲ, ರೆಕಾರ್ಡ್ ಮಾಡಿದ ಸದ್ದಿಗೆ ಬೇಕು. ಐ.ಆರ್.ಕ್ಯು. 7 ಸಾಮಾನ್ಯವಾಗಿ ಪ್ರಿಂಟರ್ ಪೋರ್ಟಿನದು. ಕಾರ್ಡೂ 7ರಲ್ಲೇ ಕೂತಿದ್ದರೆ ಜಗಳ ಆಗಬಹುದು. 5ಕ್ಕೆ ಬದಲಿಸಿ ನೋಡಿ.

6. ಏನೂ ಬರುತ್ತಿಲ್ಲವೇ? ನಂತರದ 'ಪ್ಲಗ್ ಅಂಡ್ ಪ್ಲೇ' ಕಾರ್ಡುಗಳನ್ನು ಡಾಸ್ ತಾನಾಗಿ ಎಬ್ಬಿಸುವುದಿಲ್ಲ. ಕ್ರಿಯೇಟಿವ್ ಕಾರ್ಡಿಗಾದರೆ 'ಸಿ.ಟಿ.ಸಿ.ಎಂ.' ಎಂಬ ಪ್ರೋಗ್ರಾಂ ಪ್ರತಿ ಸಲ ಶುರುವಿನಲ್ಲೇ ಓಡಬೇಕು. ಫಾರ್ಮ್ಯಾಟ್ ಮಾಡಿದ ಮೇಲೆ ಇದನ್ನು ಹಾಕಲು ಮರೆತರೆ ಒಳ್ಳೆ ಕಾರ್ಡೂ ಮೂಕ.

7. ಆಟ 'ಆಡ್‌ಲಿಬ್ ಸಿಗಲಿಲ್ಲ' ಎನ್ನುತ್ತದೆಯೇ? ಆ ಯಮಹಾ ಚಿಪ್ ನಿಧಾನದ್ದು. ಒಂದು ಆದೇಶ ಕೊಟ್ಟ ಮೇಲೆ 23 ಮೈಕ್ರೋಸೆಕೆಂಡು ಪುರುಸೊತ್ತು ಕೇಳುತ್ತದೆ. ಕೆಲವು ಹಳೆ ಆಟಗಳು ಆಗಿನ ಕಂಪ್ಯೂಟರಿನ ವೇಗ ನಂಬಿ ಲೆಕ್ಕ ಹಾಕಿದ್ದವು. ಕಂಪ್ಯೂಟರು ವೇಗವಾದರೆ ಲೆಕ್ಕ ತಪ್ಪುತ್ತದೆ. ಮುಂದೆ 'ಟರ್ಬೋ' ಗುಂಡಿ ಇದ್ದರೆ ಅದನ್ನು ಒತ್ತಿ ವೇಗ ಇಳಿಸಿ.

8. ಆಟ ಸಿ.ಡಿ.ಯಿಂದ ಓಡುತ್ತದೆಯೇ? ಕೆಲವು ಆಟಗಳ ಸಂಗೀತ ಮಿಡಿಯೇ ಅಲ್ಲ, ಕ್ಯಾಸೆಟ್ಟಿನಂತೆ ಸಿ.ಡಿ.ಯಿಂದ ನೇರ ಬರುತ್ತದೆ. ಸಿ.ಡಿ. ಡ್ರೈವಿನ ಹಿಂದಿನಿಂದ ಸೌಂಡ್ ಕಾರ್ಡಿಗೆ ಒಂದು ತೆಳು ವೈರು ಇರಬೇಕು. ಬಹಳ ಕಡೆ ಅದು ಕಳಚಿರುತ್ತದೆ, ಇಲ್ಲವೇ ಹಾಕಿಯೇ ಇರುವುದಿಲ್ಲ.

9. ಒಂದು ಸ್ವರ ನಿಲ್ಲದೆ 'ಕುಂಯ್' ಎನ್ನುತ್ತಲೇ ಇದೆಯೇ? ಕೆಲವು ಸೌಂಡ್ ಬ್ಲಾಸ್ಟರ್ 16 ಕಾರ್ಡುಗಳಲ್ಲಿ ಹುಟ್ಟಿನಿಂದಲೇ ಈ ದೋಷವಿದೆ. ಮಿಡಿ, ಸದ್ದು ಒಟ್ಟಿಗೆ ಹೋಗುವಾಗ 'ಬಿಡು' ಎಂಬ ಆದೇಶ ಹಾದಿಯಲ್ಲಿ ಕಳೆದುಹೋಗುತ್ತದೆ. ನಿಮ್ಮ ತಪ್ಪಲ್ಲ. ಸಂಗೀತಕ್ಕೆ ಎಫ್.ಎಂ. ಆರಿಸಿ, ಅಥವಾ ಮಿಡಿಗೆ ಬೇರೆ ಕಾರ್ಡು ಹಾಕಿ.

ಅನ್ನ 'ಮಾಡಿದರೆ' ಏನಾಗುತ್ತದೆ?

ಇನ್ನೊಂದು ತೊಂದರೆ ಇದೆ. ಸಂಗೀತ ಬರುತ್ತದೆ, ಆದರೆ ವಿಚಿತ್ರವಾಗಿ. ಕೊಳಲು ಬರಬೇಕಾದಲ್ಲಿ ಇನ್ಯಾವುದೋ ವಾದ್ಯ.

ಗಡಿಯಲ್ಲಿರುವ ನಮಗೆ ಇದನ್ನು ವಿವರಿಸುವುದೇ ಬೇಡ. ರಾಯಚೂರು ಕಡೆಯಿಂದ ಬಂದ ಹೊಸ ಸೊಸೆ 'ಅನ್ನ ಮಾಡೀನ್ರಿ' ಎಂದರೆ ತೆಲುಗಿನ ಅತ್ತೆ ಒಲೆ ಕಡೆ ಓಡುತ್ತಾಳೆ. ಕನ್ನಡದ 'ಮಾಡು' ತಯಾರಿಸುವುದು, ತೆಲುಗಿನ 'ಮಾಡು' ಸೀದು ಹೋಗುವುದು. ಪದ ಒಂದೇ, ಅರ್ಥ ಎರಡು.

ರೋಲಂಡ್ ಎಂ.ಟಿ.-32ಕ್ಕೆ ತನ್ನದೇ ವಾದ್ಯಗಳ ಪಟ್ಟಿ ಇತ್ತು. 1991ರಲ್ಲಿ 'ಜನರಲ್ ಮಿಡಿ' ಎಂಬ ಎಲ್ಲರಿಗೂ ಒಂದೇ ಪಟ್ಟಿ ಬಂತು. ಅದರಲ್ಲಿ 128 ವಾದ್ಯ. 1 ಪಿಯಾನೋ, 74 ಕೊಳಲು, ನಮ್ಮ ಸಿತಾರ್ 105, ಶಹನಾಯಿ 112. ತಾಳವಾದ್ಯಕ್ಕೆ 10ನೇ ಚಾನೆಲ್. ಹಳೆ ಪಟ್ಟಿ, ಹೊಸ ಪಟ್ಟಿ ತಾಳೆ ಆಗುವುದಿಲ್ಲ. ಎಂ.ಟಿ.-32ಕ್ಕೆ ಬರೆದ ಆಟವನ್ನು ಜನರಲ್ ಮಿಡಿಗೆ ಕಳಿಸಿದರೆ ಅನ್ನ ಸೀದಂತೆಯೇ. ಹಾಗಾಗಿ 1991ಕ್ಕಿಂತ ಹಿಂದಿನ ಆಟಗಳಲ್ಲಿ 'ರೋಲಂಡ್' ಎಂದು ಕಂಡರೆ ಅದು ಎಂ.ಟಿ.-32 ಎಂದೇ ತಿಳಿಯಿರಿ. ಆ ಪೆಟ್ಟಿಗೆ ಇಲ್ಲದವರು ಆಡ್‌ಲಿಬ್ ಆರಿಸುವುದೇ ವಾಸಿ.

ಪೆಟ್ಟಿಗೆ ಇದ್ದೂ ಬಾರದಿದ್ದರೆ ಕಾರಣ ಬೇರೆ. ಆ ಕಾಲದ ಎಷ್ಟೋ ಆಟಗಳಿಗೆ ಎಂ.ಪಿ.ಯು.-401ರ 'ಇಂಟೆಲಿಜೆಂಟ್' ಎಂಬ ರೀತಿ ಬೇಕಿತ್ತು. ಸೌಂಡ್ ಬ್ಲಾಸ್ಟರ್ 16ಕ್ಕೆ ಬರುವುದು ಸರಳವಾದ 'ಯು.ಎ.ಆರ್.ಟಿ.' ರೀತಿ ಮಾತ್ರ. 'ಸಾಫ್ಟ್ ಎಂ.ಪಿ.ಯು.' ಎಂಬ ಚಿಕ್ಕ ಪ್ರೋಗ್ರಾಂ ಈ ಕೊರತೆ ತುಂಬುತ್ತದೆ.

ಹಳೆ ಕಂಪ್ಯೂಟರ್ ಇಲ್ಲದವರಿಗೆ

64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಆಟ ನೇರವಾಗಿ ಓಡುವುದಿಲ್ಲ. 2002ರಲ್ಲಿ ಮೊದಲು ಹೊರಬಂದ 'ಡಾಸ್‌ಬಾಕ್ಸ್' ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಇದು ಹಳೆ ಕಂಪ್ಯೂಟರನ್ನೂ ಹಳೆ ಕಾರ್ಡನ್ನೂ ಹೊಸ ಕಂಪ್ಯೂಟರಿನೊಳಗೆ ನಟಿಸಿ ತೋರಿಸುತ್ತದೆ. ಹಾಗಾಗಿ ಹಳೆ ಕಾಯಿಲೆಗಳೂ ಜೊತೆಗೇ ಬರುತ್ತವೆ!

ಇಲ್ಲಿ ಕಾರ್ಡು ಸೌಂಡ್ ಬ್ಲಾಸ್ಟರ್ 16, ಪೋರ್ಟ್ 220, ಡಿ.ಎಂ.ಎ. 1. ಆದರೆ ಐ.ಆರ್.ಕ್ಯು. ಮೊದಲೇ 7 ಎಂದಿರುತ್ತದೆ. ಆಟದಲ್ಲಿ 5 ಕೊಟ್ಟರೆ ಸಂಗೀತ ಬಂದು ಸದ್ದು ಬಾರದೆ ಹೋಗಬಹುದು. 7 ಎಂದೇ ಕೊಡಿ.

ವಿಂಡೋಸ್‌ನಲ್ಲಿ ಮಿಡಿ ನುಡಿಸುವ ನೇಕಾರ ಮೊದಲೇ ಇದ್ದಾನೆ. ಅದಕ್ಕೆ ಡಾಸ್‌ಬಾಕ್ಸ್‌ನಲ್ಲಿ 'ಜನರಲ್ ಮಿಡಿ' ಆರಿಸಿದರೆ ಸಾಮಾನ್ಯವಾಗಿ ಸಂಗೀತ ಬರುತ್ತದೆ. ಲಿನಕ್ಸ್‌ನಲ್ಲಿ ಹಾಗಿಲ್ಲ, 'ಫ್ಲೂಯಿಡ್‌ಸಿಂಥ್' ಎಂಬುದನ್ನು ನಾವೇ ಹಾಕಿಕೊಳ್ಳಬೇಕು. 'ಡಾಸ್‌ಬಾಕ್ಸ್ ಸ್ಟೇಜಿಂಗ್' ಎಂಬ ಹೊಸ ಆವೃತ್ತಿಯಲ್ಲಿ ಅದು ಒಳಗೇ ಸೇರಿದೆ.

ಗುಜರಿಗೆ ಹಾಕುವ ಮುನ್ನ

ಮಾರನೇ ದಿನ ಗುಜರಿಯವನು ಬಂದ. ಕಿಲೋ ಲೆಕ್ಕದಲ್ಲಿ ಕೆಟ್ಟ ಪ್ರಿಂಟರು, ಒಡೆದ ಕೀಬೋರ್ಡು ತೂಗಿಸಿಕೊಂಡು ಹೋದ. 486 ಮಾತ್ರ ಪಡಸಾಲೆಯಲ್ಲೇ ಉಳಿಯಿತು. ಅದರಲ್ಲಿ ಕ್ಲಾಸಿಗೆ ಬಂದಿದ್ದ ಹುಡುಗರ ಹೆಸರಿನ ಫೋಲ್ಡರುಗಳೂ ಇದ್ದವು. ಕೆಲವರು ಈಗ ಬೆಂಗಳೂರಿನಲ್ಲಿದ್ದಾರೆ, ಒಬ್ಬ ಇಲ್ಲ. ಗೆಳೆಯರು ಆ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಬಹಳ ಹೊತ್ತು ಕೂತಿದ್ದರು. ಸಂಗೀತ ಬರಲಿಲ್ಲ ಅಂತ ಅದನ್ನೂ ತೂಕಕ್ಕೆ ಹಾಕಿಬಿಡುತ್ತಿದ್ದರಲ್ಲ ಎಂದು ನನಗೆ ಅನಿಸಿತು.

ಖಾಲಿ ಮನೆಯ ವಿಷಯ ಹುಡುಗನ ತಲೆಯಿಂದ ಹೋಗಿಲ್ಲ. ಭಜನಾ ಮಂಡಳಿಯ ಕೀಬೋರ್ಡಿನ ಹಿಂದೆ 'ಮಿಡಿ ಇನ್' ಎಂಬ ಐದು ತೂತಿನ ಸಾಕೆಟ್ ಇರುವುದನ್ನು ಅವನೇ ಪತ್ತೆ ಹಚ್ಚಿದ. ಕೀಬೋರ್ಡು ಜನರಲ್ ಮಿಡಿಯದಾಗಿದ್ದರೆ, ಕಾರ್ಡಿನ ಹಿಂದಿನ ಜಾಯ್‌ಸ್ಟಿಕ್ ಸಾಕೆಟ್ಟಿನಿಂದ ಅದಕ್ಕೆ ಕೇಬಲ್ ಎಳೆದು, ಡೂಮ್ ಸಂಗೀತವನ್ನು ಅದರಿಂದಲೇ ನುಡಿಸಬಹುದು. ಬರೀ ವೈರು ಜೋಡಿಸಿದರೆ ಆಗದು, ಮಿಡಿಗೆಂದೇ ಮಾಡಿದ ಕೇಬಲ್ ಬೇಕು. ಅದನ್ನು ಹುಡುಕಲು ಮಾವ, ಅಳಿಯ ಇಬ್ಬರೂ ಸಿಕಂದರಾಬಾದಿನ ಪಾರ್ಕ್‌ಲೇನ್ ಅಂಗಡಿಗಳನ್ನು ಸುತ್ತುವವರಿದ್ದಾರೆ.

ಭಜನಾ ಮಂಡಳಿಯವರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.